ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಕಡು ಸೆಕೆಯ ಜುಲೈಗಿಂತ ವಸಂತದಲ್ಲೇ ಕಾಡ್ಗಿಚ್ಚಿನ ಭಯ ಜಾಸ್ತಿ ಯಾಕೆ?

ಮುಖ್ಯ ಕಾರಣ ಗಾಳಿ. ಈ ಎತ್ತರದ ಮರುಭೂಮಿಯಲ್ಲಿ ಮಾರ್ಚ್‌ನಿಂದ ಮೇವರೆಗೆ ಜೋರು ಗಾಳಿ, ಒಣ ಹವೆ, ಒಣಗಿ ನಿಂತ ಹುಲ್ಲು ಮೂರೂ ಒಟ್ಟಿಗೆ ಸೇರುತ್ತವೆ. ಜುಲೈನಲ್ಲಿ ಸೆಕೆ ಇರುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅಷ್ಟರಲ್ಲಿ ಅಲ್ಲಿನ ಮಾನ್ಸೂನ್ ಮಳೆ ಶುರುವಾಗಿರುತ್ತದೆ.

ಇಷ್ಟೊಂದು ಗಾಳಿ ಎಲ್ಲಿಂದ? ಮೇಲಿನಿಂದ. ಆಕಾಶದಲ್ಲಿ ತುಂಬಾ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ವೇಗದ ಗಾಳಿಗೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ವಸಂತದಲ್ಲಿ ಅದು ಇನ್ನೂ ಪೂರ್ತಿ ಉತ್ತರಕ್ಕೆ ಸರಿದಿರುವುದಿಲ್ಲ. ಇತ್ತ ಬಿಸಿಲಿಗೆ ನೆಲ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ, ಮೇಲಿನ ವೇಗದ ಒಣ ಗಾಳಿ ಕೆಳಗಿಳಿಯುತ್ತದೆ. ಬೆಳಗ್ಗೆ ಎಲೆಯೂ ಅಲ್ಲಾಡದಿದ್ದ ಜಾಗದಲ್ಲಿ ಮಧ್ಯಾಹ್ನ ದೂಳು ಏಳುವುದು ಇದಕ್ಕೇ. ಅಲ್ಬುಕರ್ಕಿಯಂಥ ಊರು ಸಮುದ್ರಮಟ್ಟದಿಂದ 1,500 ಮೀಟರ್‌ಗೂ ಎತ್ತರದಲ್ಲಿದೆ, ಹಾಗಾಗಿ ಆ ಗಾಳಿ ಇಳಿಯಬೇಕಾದ ದೂರವೂ ಕಡಿಮೆ ಅಲ್ವಾ?

ಇಂಥ ಹವೆಯಲ್ಲಿ ತೆಳು ಹುಲ್ಲು ಒಂದೆರಡು ಗಂಟೆಯಲ್ಲೇ ಗರಿಗರಿಯಾಗುತ್ತದೆ. ಒಂದು ಕಿಡಿ ಬಿದ್ದರೂ ಸಾಕು, ಗಾಳಿ ಕೆಂಡಗಳನ್ನು ಮುಂದಕ್ಕೆ ಹಾರಿಸಿ ಹೊಸ ಕಡೆ ಹೊತ್ತಿಸುತ್ತದೆ.

2022ರ ಏಪ್ರಿಲ್‌ನಲ್ಲಿ ಅಲ್ಲಿನ ಹರ್ಮಿಟ್ಸ್ ಪೀಕ್ ಬೆಟ್ಟದ ಬಳಿ ಅರಣ್ಯ ಇಲಾಖೆಯೇ ಒಣ ಪೊದೆ ಕಡಿಮೆ ಮಾಡಲು ಹಚ್ಚಿದ ಬೆಂಕಿ ಗಾಳಿಗೆ ಕೈಮೀರಿತು. ಹತ್ತಿರದಲ್ಲೇ, ಜನವರಿಯಲ್ಲಿ ಸುಟ್ಟಿದ್ದ ಕಟ್ಟಿಗೆ ರಾಶಿ ಹಿಮ ಬಿದ್ದರೂ ಒಳಗೊಳಗೇ ಉರಿದು ಏಪ್ರಿಲ್‌ನಲ್ಲಿ ಎದ್ದಿತು. ಎರಡೂ ಕೂಡಿಕೊಂಡು 3,40,000 ಎಕರೆಗೂ ಜಾಸ್ತಿ ಸುಟ್ಟವು. ಹವಾಮಾನ ಇಲಾಖೆ ‘ರೆಡ್ ಫ್ಲ್ಯಾಗ್’ ಎಚ್ಚರಿಕೆ (ಬೆಂಕಿ ಬೇಗ ಹಬ್ಬುವ ಹವೆ ಇದೆ ಅಂತ) ಕೊಟ್ಟ ದಿನ ಹೊರಗೆ ಬೆಂಕಿಯನ್ನೇ ಹಚ್ಚಬೇಡಿ. ಹಳೇ ಬೂದಿ ಇದ್ದರೆ ನೀರು ಹಾಕಿ ಕಲಸಿ, ಪೂರ್ತಿ ತಣ್ಣಗಾಗುವ ತನಕ ಬಿಟ್ಟು ಹೋಗಬೇಡಿ.