ಹಾಗೇ ಓಡಲು ಬಿಡಬೇಡಿ

ವೆಬ್ ಪುಟಗಳನ್ನು ಓದುತ್ತಾ ಬೆಂಗಳೂರಿನ ಬಡಾವಣೆಗಳ ಹೆಸರನ್ನು ತಾನೇ ಕಲಿಯುವ ಪ್ರೋಗ್ರಾಂ ಬರೆದು, ತಿದ್ದದೆ ಹಾಗೇ ಓಡಲು ಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಾನೂ ಇದನ್ನೇ ಮಾಡಿದ್ದೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ ಅಂತ ನಾಲ್ಕಾರು ಹೆಸರು ಕೊಟ್ಟು ಶುರು ಮಾಡಿದೆ. ಎರಡೇ ದಿನಕ್ಕೆ ಪಟ್ಟಿಯಲ್ಲಿ ‘ಷೇರುಪೇಟೆ’ ಬಂದು ಕೂತಿತ್ತು! ಆಮೇಲೆ ‘ಷೇರುಪೇಟೆ ಕುಸಿತ’ ಅನ್ನುವ ಸುದ್ದಿಗಳ ಜಾಡು ಹಿಡಿದು ರೂಪಾಯಿ, ಚಿನ್ನ ಎಲ್ಲವೂ ಬಡಾವಣೆಗಳಾದವು. ಒಂದು ತಪ್ಪು ಹೀಗೆ ಮರಿ ಹಾಕುತ್ತಾ ಹೋಯಿತು.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 2010ರ ಜನವರಿಯಿಂದ ಹಗಲೂ ರಾತ್ರಿ ವೆಬ್ ಓದುತ್ತಿದ್ದ ‘ನೆಲ್’ ಅನ್ನುವ ಪ್ರೋಗ್ರಾಂಗೂ ಇದೇ ಆಗಿತ್ತು. ವೆಬ್‌ಸೈಟುಗಳು ನಮ್ಮ ಕಂಪ್ಯೂಟರಿನಲ್ಲಿ ಇಡುವ ಪುಟ್ಟ ಕಡತವಾದ ಇಂಟರ್ನೆಟ್ ಕುಕೀಯನ್ನು ಅದು ಬಿಸ್ಕತ್ತಿನ ಕುಕೀ ಅಂದುಕೊಂಡು ಬೇಕರಿ ತಿಂಡಿಗಳ ಸಾಲಿಗೆ ಸೇರಿಸಿತ್ತು. ಅದನ್ನು ರೂಪಿಸಿದ ಟಾಮ್ ಮಿಚೆಲ್ ಅವರ ತಂಡ ಕೂತು ತಿದ್ದಬೇಕಾಯಿತು.

ಬಡಾವಣೆಗಳ ಜೊತೆಗೇ ಹಣ, ವ್ಯಾಪಾರದ ಪದಗಳನ್ನೂ ಬೇರೆ ಗುಂಪಾಗಿ ಕಲಿಸಿ. ಒಂದು ಪದ ಎರಡೂ ಗುಂಪಿನಲ್ಲಿ ಇರಬಾರದು ಅಂತ ನಿಯಮ ಹಾಕಿ. ನೆಲ್ ಕೂಡ ನೂರಾರು ಗುಂಪುಗಳನ್ನು ಹೀಗೆ ಒಟ್ಟಿಗೇ ಕಲಿಯುತ್ತಿತ್ತು. ಒಂದೇ ಪುಟದಲ್ಲಿ ಕಂಡ ಹೆಸರನ್ನು ಸುಮ್ನೆ ನಂಬಬೇಡಿ, ನಾಲ್ಕು ಕಡೆ ಸಿಗಲಿ. ವಾರಕ್ಕೊಮ್ಮೆ ಹೊಸ ಪದಗಳ ಮೇಲೆ ನೀವೇ ಕಣ್ಣಾಡಿಸಿ. ನನಗೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುವುದಿಲ್ಲ.