ಕೊಳ ಅವರದು, ಜೋಳ ಅವರದು, ಬಾತು ಯಾರದು?

ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರದ ಸಾರ:

"ನನ್ನ ಸಹೋದ್ಯೋಗಿಯ ಜಮೀನಿನಲ್ಲಿ ಒಂದು ಕೊಳವಿದೆ. ಚಳಿಗಾಲದ ಬಾತುಬೇಟೆಗೆ ನನ್ನನ್ನೂ ಕರೆದಿದ್ದಾರೆ. ನಾನು ಬಂದೂಕು ಮುಟ್ಟುವವನಲ್ಲ, ನೋಡಲು ಮಾತ್ರ ಬರುತ್ತೇನೆ ಎಂದೆ. ಹಾಗಾದರೆ ಎರಡು ವಾರ ಮೊದಲೇ ಬಂದು ಕೊಳದಂಚಿಗೆ ನಾಲ್ಕು ಮೂಟೆ ಮೆಕ್ಕೆಜೋಳ ಚೆಲ್ಲಲು ಕೈಜೋಡಿಸು ಎಂದರು. ಅದು ಅಪರಾಧ ಎಂದು ಇನ್ನೊಬ್ಬ ಗೆಳೆಯರು ಎಚ್ಚರಿಸಿದರು. ಆದರೆ ಪಕ್ಕದ ಜಮೀನಿನವರು ಕೊಯ್ಲಾದ ಭತ್ತದ ಗದ್ದೆಗೆ ನೀರು ನಿಲ್ಲಿಸಿ, ಉದುರಿದ ಕಾಳಿಗೆ ಇಳಿಯುವ ಬಾತುಗಳನ್ನು ಹೊಡೆದರೆ ತಪ್ಪಿಲ್ಲವಂತೆ. ಕಾಳು ಕಾಳೇ ಅಲ್ಲವೇ? ನನ್ನ ಅಜ್ಜಿ ದಿನವೂ ಅಂಗಳದಲ್ಲಿ ಹಕ್ಕಿಗಳಿಗೆ ನುಚ್ಚು ಹಾಕುತ್ತಿದ್ದರು. ಹಕ್ಕಿಗೆ ಕಾಳು ಹಾಕುವುದು ಯಾವಾಗಿನಿಂದ ಅಪರಾಧವಾಯಿತು?"

ಸಂಪಾದಕರ ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ: ಆ ಮೂಟೆಗಳಿಗೆ ಕೈ ಹಾಕಬೇಡಿ. ಬಂದೂಕು ಹಿಡಿಯದಿರುವುದು ನಿಮ್ಮನ್ನು ಕಾಪಾಡುವುದಿಲ್ಲ. ಕಾಳು ಚೆಲ್ಲಿದ ಜಾಗದಲ್ಲಿ ಬೇಟೆಯಾಡಿದವನಿಗೆ ಅಮೆರಿಕದ ಒಕ್ಕೂಟದ ಕಾನೂನಿನಲ್ಲಿ 15,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸವಿದೆ. ಇನ್ನೊಬ್ಬರ ಬೇಟೆಗೆಂದು ಕಾಳು ಚೆಲ್ಲಿದವನಿಗೋ ದಂಡ ಒಂದು ಲಕ್ಷ ಡಾಲರ್‌ವರೆಗೆ ಏರಬಹುದು, ಸೆರೆವಾಸ ಒಂದು ವರ್ಷದವರೆಗೆ. ಚೆಲ್ಲುವ ಕೈಯನ್ನೇ ಕಾನೂನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಾಗೆ ಹಿಡಿಯುವುದು ಸರಿ ಎಂದೇ ನಾನು ನಂಬುತ್ತೇನೆ.

ಕೊಳವೂ ಅವರದೇ, ಜೋಳವೂ ಅವರದೇ, ಸರ್ಕಾರಕ್ಕೇನು ಕೆಲಸ ಎಂದು ನಿಮ್ಮ ಸಹೋದ್ಯೋಗಿ ಕೇಳಬಹುದು. ಬಾತು ಅವರದಲ್ಲ ಎಂಬುದೇ ಅದಕ್ಕೆ ಉತ್ತರ. ನವೆಂಬರಿನಲ್ಲಿ ಆ ಕೊಳಕ್ಕಿಳಿಯುವ ಮಲ್ಲಾರ್ಡ್ ಎಂಬ ಕಾಡುಬಾತು ಬೇಸಿಗೆಯಲ್ಲಿ ಕೆನಡಾದ ಹುಲ್ಲುಗಾವಲಿನ ಹೊಂಡವೊಂದರಲ್ಲಿ ಮೊಟ್ಟೆಯೊಡೆದು ಬಂದ ಮರಿಯಾಗಿರಬಹುದು. ವಲಸೆ ಹಕ್ಕಿಗಳ ರಕ್ಷಣೆಗೆ ಅಮೆರಿಕವು, ಕೆನಡಾದ ಪರವಾಗಿ ಸಹಿ ಹಾಕಿದ ಬ್ರಿಟನ್ನಿನೊಡನೆ 1916ರಲ್ಲಿ ಒಪ್ಪಂದ ಮಾಡಿಕೊಂಡಿತು, 1918ರಲ್ಲಿ ಅದನ್ನು ಕಾಯ್ದೆಯಾಗಿಸಿತು. ನಮ್ಮ ನೆಲದ ಹಕ್ಕಿ ನಮ್ಮದು ಎಂದು ಮಿಸೌರಿ ರಾಜ್ಯ ತಕರಾರು ತೆಗೆದಾಗ ಅಮೆರಿಕದ ಸುಪ್ರೀಂ ಕೋರ್ಟ್ 1920ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಇಂದು ಇಲ್ಲಿದ್ದು ನಾಳೆ ಸಾವಿರ ಮೈಲಿ ಆಚೆ ಹಾರುವ ಜೀವಕ್ಕೆ ಯಾವ ರಾಜ್ಯವೂ ಒಡೆಯನಾಗಲಾರದು.

ಆದರೂ ಆ ಕಾಯ್ದೆ ಬಂದ ಮೇಲೆ ಹದಿನೇಳು ವರ್ಷ ಆಮಿಷದ ಬೇಟೆ ನಡೆದೇ ಇತ್ತು. ಕಾಳು ಚೆಲ್ಲುವುದರ ಜೊತೆಗೆ ಸಾಕಿದ ಬಾತುಗಳ ಕಾಲಿಗೆ ಹಗ್ಗ ಕಟ್ಟಿ ನೀರಿಗೆ ಬಿಡುತ್ತಿದ್ದರು. ಅವುಗಳ ಕೂಗು ಕೇಳಿ ಆಕಾಶದ ಬಾತುಗಳು ಇಳಿದು ಬರುತ್ತಿದ್ದವು. ನಮ್ಮ ಬೇಡರಿಗೂ ಈ ತಂತ್ರ ಹೊಸದೇನಲ್ಲ. ಕಾಡಿನ ಮೃಗವನ್ನು ಸೆಳೆಯಲು ಪಳಗಿಸಿ ಕಟ್ಟಿದ ಮೃಗಕ್ಕೆ ಹಳಗನ್ನಡದಲ್ಲಿ 'ದೀಹ' ಎಂಬ ಹೆಸರೇ ಇದೆ. 1930ರ ದಶಕದಲ್ಲಿ ಉತ್ತರದ ಹುಲ್ಲುಗಾವಲುಗಳಿಗೆ ಭೀಕರ ಬರ ಬಂದು, ಬಾತುಗಳು ಮರಿ ಮಾಡುವ ಹೊಂಡಗಳು ಒಣಗಿಹೋದವು. ಸಂತತಿ ಕುಸಿಯಿತು. ಆಗ, 1935ರಲ್ಲಿ, ಕಾಳಿನ ಆಮಿಷ ಮತ್ತು ಜೀವಂತ ದೀಹ ಎರಡನ್ನೂ ಒಟ್ಟಿಗೆ ನಿಷೇಧಿಸಿದರು. ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ತುಂಬುವಂತಿಲ್ಲ ಎಂಬ ನಿಯಮವೂ ಆ ವರ್ಷದ್ದೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಕಾಳು ಕಾಳೇ ಅಲ್ಲವೇ ಎಂಬುದು. ಬಾತಿನ ಹೊಟ್ಟೆಗೆ ಹೌದು. ಕಾನೂನು ಮಾತ್ರ ಆ ಕಾಳು ಅಲ್ಲಿಗೆ ಹೇಗೆ ಬಂತು ಎಂದು ಕೇಳುತ್ತದೆ. ಅಮೆರಿಕದ ಭತ್ತದಲ್ಲಿ ಸುಮಾರು ಅರ್ಧದಷ್ಟು ಬೆಳೆಯುವುದು ನಿಮ್ಮ ಅರ್ಕಾನ್ಸಾಸ್‌ನಲ್ಲೇ. ಯಂತ್ರದಿಂದ ಕೊಯ್ದರೂ ಒಂದಿಷ್ಟು ಭತ್ತ ಉದುರುತ್ತದೆ. ರೈತ ಎಂದಿನಂತೆ ಬಿತ್ತಿ, ಎಂದಿನಂತೆ ಕೊಯ್ದು, ಉಳಿದ ಕೂಳೆಗೆ ನೀರು ನಿಲ್ಲಿಸಿದರೆ ಅದು ಬೇಸಾಯ. ಅಲ್ಲಿಗೆ ಬರುವ ಬಾತುಗಳನ್ನು ಪರವಾನಗಿ ಪಡೆದು ಹೊಡೆಯಬಹುದು. ಎಂದಿನಂತೆ ಎಂದರೆ ಯಾವುದು ಎಂಬುದನ್ನು ಬೇಟೆಗಾರ ಹೇಳುವಂತಿಲ್ಲ. ರಾಜ್ಯದ ಕೃಷಿ ವಿಸ್ತರಣಾ ಸೇವೆಯ ತಜ್ಞರ ಶಿಫಾರಸೇ ಅಳತೆಗೋಲು. ಅದೇ ರೈತ ಕೊಯ್ದ ಭತ್ತವನ್ನು ಒಂದು ಬುಟ್ಟಿ ತಂದು ಅದೇ ಗದ್ದೆಗೆ ಎರಚಿದರೆ ಗದ್ದೆ ಆಮಿಷದ ಜಾಗವಾಗುತ್ತದೆ. ಕೊಯ್ಯದೆ ನಿಂತ ಪೈರಿಗೆ ನೀರು ತುಂಬಿಸಿದರೆ ತಪ್ಪಿಲ್ಲ. ಆ ಪೈರನ್ನು ಬಾತುಗಳಿಗೆಂದು ಮಗುಚಿ ಕಾಳು ಉದುರಿಸಿದರೆ ತಪ್ಪು. ತಾನಾಗಿ ಬೆಳೆದ ಜೊಂಡು, ಕಾಡು ಹುಲ್ಲುಗಳನ್ನಾದರೆ ಕತ್ತರಿಸಿ ನೀರು ನಿಲ್ಲಿಸಬಹುದು, ಏಕೆಂದರೆ ಹಾಗೆ ಮಾಡುವುದು ಜೌಗುನೆಲವನ್ನು ಜೀವಂತವಾಗಿಡುವ ಕೆಲಸ.

ಇದಕ್ಕೊಂದು ಸರಳ ಕಾರಣವೂ ಇದೆ. ಗದ್ದೆಬಯಲು ನೂರಾರು ಎಕರೆ ಹರಡಿಕೊಂಡಿರುತ್ತದೆ. ಅಲ್ಲಿ ಬಾತು ಎಲ್ಲಿ ಇಳಿಯಬೇಕೆಂದು ತಾನೇ ಆರಿಸುತ್ತದೆ, ಬೇಟೆಗಾರ ಅದರ ದಾರಿಯನ್ನು ಊಹಿಸಿ ಕಾಯಬೇಕು. ನಾಲ್ಕು ಮೂಟೆ ಜೋಳ ಸುರಿದ ಅಂಚು ಬಂದೂಕಿನ ಗುರಿಯೊಳಗೇ ಇರುತ್ತದೆ. ಒಮ್ಮೆ ಉಂಡ ಹಿಂಡು ಮರುದಿನ ಅಲ್ಲಿಗೇ ಮರಳುತ್ತದೆ, ಎರಡು ಗುಂಡು ಕೇಳಿದರೂ ಹಸಿವು ಅದನ್ನು ಮತ್ತೆ ಎಳೆದು ತರುತ್ತದೆ. ಒಂದೇ ಜಾಗದಲ್ಲಿ ಮುತ್ತುವ ಹಕ್ಕಿಗಳಲ್ಲಿ ರೋಗವೂ ಬೇಗ ಹಬ್ಬುತ್ತದೆ, ಬೂಷ್ಟು ಹಿಡಿದ ಜೋಳ ಸ್ವತಃ ವಿಷ.

ಆದರೆ ಈ ಗೆರೆ ಎಲ್ಲ ಕಡೆಯೂ ನೇರವಾಗಿದೆ ಎಂದು ನಾನು ಹೇಳಲಾರೆ. ಕೊಯ್ಯುವ ಉದ್ದೇಶವೇ ಇಲ್ಲದೆ, ಬಾತುಗಳಿಗೆಂದೇ ಮೆಕ್ಕೆಜೋಳ ಬೆಳೆಸಿ, ತೆನೆ ಸಮೇತ ನೀರಿನಲ್ಲಿ ಮುಳುಗಿಸಿ ಬೇಟೆಯಾಡುವ ಹಣವಂತರಿದ್ದಾರೆ. ಪೈರನ್ನು ಮಗುಚಿಲ್ಲವಾದ್ದರಿಂದ ಅದು ಕಾನೂನಿಗೆ ಒಪ್ಪಿಗೆ. ನನ್ನ ಮನಸ್ಸಿಗೆ ಒಪ್ಪಿಗೆಯಿಲ್ಲ. ಅಲ್ಲಿನ ಬೇಟೆಗಾರರಲ್ಲೇ ಈ ಬಗ್ಗೆ ಬಿಸಿ ಚರ್ಚೆ ನಡೆಯುತ್ತಿರುವುದು ನನಗೆ ಸಮಾಧಾನ ತಂದಿದೆ.

ನ್ಯಾಯವಾದ ದಾರಿಯಲ್ಲಿ ಬಾತುಗಳನ್ನು ಕರೆಯುವ ಕಲೆ ಬೇರೆಯೇ ಇದೆ. ಮರ, ಪ್ಲಾಸ್ಟಿಕ್ಕಿನ ಹುಸಿ ಬಾತುಗಳನ್ನು ಗಾಳಿಯ ದಿಕ್ಕು ನೋಡಿ ತೇಲಿಬಿಡುತ್ತಾರೆ. ಬಾಯಲ್ಲಿ ಊದುವ ಪುಟ್ಟ ಪೀಪಿಯಿಂದ ಹೆಣ್ಣು ಮಲ್ಲಾರ್ಡಿನ ಕೂಗನ್ನು ಹೊರಡಿಸುತ್ತಾರೆ. ಧ್ವನಿಮುದ್ರಿಸಿದ ಕೂಗನ್ನು ಬಾತುಬೇಟೆಯಲ್ಲಿ ಬಳಸುವಂತಿಲ್ಲ. ನಿಮ್ಮ ರಾಜ್ಯದ ಸ್ಟಟ್‌ಗಾರ್ಟ್ ಪಟ್ಟಣದಲ್ಲಿ ಈ ಕೂಗಿನ ವಿಶ್ವ ಸ್ಪರ್ಧೆ 1936ರಿಂದ ನಡೆದುಬಂದಿದೆ. ಸಾಧ್ಯವಾದರೆ ಒಮ್ಮೆ ಹೋಗಿ ಕೇಳಿ. ಬೇಟೆಯನ್ನು ಒಪ್ಪದವರೂ ಮೆಚ್ಚುವಂತಹ ವಿದ್ಯೆ ಅದು, ಹಕ್ಕಿಯ ಮಾತನ್ನು ವರ್ಷಗಟ್ಟಲೆ ಕಿವಿಗೊಟ್ಟು ಕಲಿಯದೆ ಬರುವುದಿಲ್ಲ.

ಅಜ್ಜಿಯ ನುಚ್ಚಿನ ವಿಷಯಕ್ಕೆ ಬರುತ್ತೇನೆ. ಆ ಸಾಲು ಓದಿದಾಗಿನಿಂದ ಅದೇ ನನ್ನ ತಲೆಯಲ್ಲಿದೆ. ನನ್ನ ಅಜ್ಜಿಯೂ ಹಾಕುತ್ತಿದ್ದರು. ಗುಬ್ಬಿಗಳು ಅವರ ಕಾಲ ಬಳಿಯೇ ಕುಪ್ಪಳಿಸುತ್ತಿದ್ದವು, ಏಕೆಂದರೆ ಆ ಅಂಗಳದಿಂದ ಅವುಗಳಿಗೆ ಒಂದು ದಿನವೂ ಕೇಡಾಗಿರಲಿಲ್ಲ. ಒಕ್ಕೂಟದ ಈ ನಿಯಮ ಹಕ್ಕಿಗೆ ಕಾಳು ಹಾಕುವುದನ್ನೇ ಅಪರಾಧ ಎನ್ನುವುದಿಲ್ಲ. ಎಲೆ ಹಾಕಿ ಉಣ್ಣಲು ಕೂರಿಸಿ, ತುತ್ತು ಎತ್ತುವಾಗ ಹೊಡೆಯುವುದನ್ನು ಅಪರಾಧ ಎನ್ನುತ್ತದೆ. ನಿಮ್ಮ ಅಜ್ಜಿಯ ಅಂಗಳವನ್ನೂ ಆ ಕೊಳದಂಚನ್ನೂ ದಯವಿಟ್ಟು ಒಂದೇ ಸಾಲಿನಲ್ಲಿ ಇಡಬೇಡಿ.

ಕರ್ನಾಟಕದ ಓದುಗರಿಗೆ ಒಂದು ಮಾತು. ಮೇಲಿನದು ಅಮೆರಿಕದ ಲೆಕ್ಕ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ಕಾಡುಬಾತುಗಳ ಬೇಟೆಗೆ ಪರವಾನಗಿಯೇ ಇಲ್ಲ. ಕಾಳು ಚೆಲ್ಲಿದರೂ ಚೆಲ್ಲದಿದ್ದರೂ ಹೊಡೆಯುವುದು ಅಪರಾಧ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮುಂದಿನ ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಬನ್ನಿ.

ಪತ್ರ ಬರೆದವರಿಗೆ ಮತ್ತೆ: ಮೂಟೆಗಳು ಇನ್ನೂ ಕೊಟ್ಟಿಗೆಯಲ್ಲೇ ಇದ್ದರೆ ಅಲ್ಲೇ ಇರಲಿ. ಚೆಲ್ಲಿ ಆಗಿದ್ದರೆ ಗುಡಿಸಿ ತೆಗೆಸಿ. ಕೊನೆಯ ಕಾಳು ಹೋದ ದಿನದಿಂದ 10 ದಿನ ಆ ಜಾಗ ಕಾನೂನಿನ ಕಣ್ಣಲ್ಲಿ ಆಮಿಷದ ಜಾಗವೇ, ಏಕೆಂದರೆ ಕಾಳು ಮುಗಿದರೂ ಬಾತಿನ ರೂಢಿ ಮುಗಿಯುವುದಿಲ್ಲ. ಇಷ್ಟು ಗಜ ದೂರ ನಿಂತರೆ ಸಾಕು ಎಂಬ ಅಳತೆಯೂ ಇಲ್ಲ. ಕಾಳಿನತ್ತ ಹಾರುವ ದಾರಿಯಲ್ಲಿ ನಿಂತು ಹೊಡೆದರೂ ಸಿಕ್ಕಿಬೀಳುತ್ತಾರೆ. 1998ರ ತಿದ್ದುಪಡಿಯ ಪ್ರಕಾರ, ಗೊತ್ತಿದ್ದವನಷ್ಟೇ ಅಲ್ಲ, ವಿಚಾರಿಸಿದ್ದರೆ ಗೊತ್ತಾಗುತ್ತಿತ್ತು ಎನ್ನುವಂತಹವನೂ ತಪ್ಪಿತಸ್ಥ. ಅನುಮಾನವಿದ್ದರೆ ಅರ್ಕಾನ್ಸಾಸ್‌ನ ಬೇಟೆ ಮತ್ತು ಮೀನುಗಾರಿಕೆ ಆಯೋಗದ ಅಧಿಕಾರಿಗಳನ್ನು ಮೊದಲೇ ಕೇಳಿ.

ಇದೆಲ್ಲ ಸರಿಯಾದರೆ ಆ ಮುಂಜಾನೆ ಒಂದು ದುರ್ಬೀನು ಹಿಡಿದು ಖಂಡಿತ ಹೋಗಿ. ಕಂಡದ್ದನ್ನು ಬರೆದು ಕಳುಹಿಸಿ, ಪ್ರಕಟಿಸುತ್ತೇವೆ.

— ಸಂಪಾದಕ