ಹೊಟ್ಟೆಯಲ್ಲಿ ಮಗು ಇದೆ, ನೋವಿನ ಗುಳಿಗೆ ಬಿಡಲಾಗುತ್ತಿಲ್ಲ. ಯಾರಿಗೂ ಹೇಳದೆ ಹೇಗೆ ಬಿಡಲಿ?

ಯಾರಿಗೂ ಹೇಳದೆ ಬಿಡಬೇಡ ತಂಗಿ. ಇವತ್ತೇ ಪೂರ್ತಿ ಬಿಡಲಾ, ವಾರಕ್ಕೊಂದು ಕಡಿಮೆ ಮಾಡಲಾ ಅಂತ ಕೇಳಿದ್ದೀಯ. ಆ ಎರಡೂ ಲೆಕ್ಕ ನಾನೂ ಹಾಕಿದ್ದೆ, ನಿನ್ನ ಹಾಗೇ ಗುಟ್ಟಾಗಿ.

ನಾನು ಇಳಕಲ್‌ನಲ್ಲಿ ಮಗ್ಗದ ಮನೆಗೆ ಸೊಸೆಯಾಗಿ ಬಂದವಳು. ಸೀರೆ ನೇಯ್ದು ನೇಯ್ದು ಸೊಂಟ ಹಿಡಿಯುತ್ತಿತ್ತು. ಮೆಡಿಕಲ್ ಅಂಗಡಿಯವನು ಚೀಟಿ ಕೇಳದೆ ಟ್ರಮಡಾಲ್ ಕೊಟ್ಟ. ಅದು ಅಫೀಮಿನ ಜಾತಿಯ ಔಷಧಿ, 2018ರಲ್ಲೇ ಮಾದಕ ವಸ್ತು ಕಾಯ್ದೆಯ ಕೆಳಗೆ ಬಂದಿದೆ ಅಂತ ನನಗೇನು ಗೊತ್ತು? ಮೊದಲು ರಾತ್ರಿಗೊಂದು. ವರ್ಷದೊಳಗೆ ದಿನಕ್ಕೆ ಆರು. ತಗೊಳ್ಳದಿದ್ದರೆ ಬೆವರು, ನಡುಕ, ಭೇದಿ. ಅಷ್ಟರಲ್ಲಿ ಬಸುರಿಯಾದೆ.

ನನ್ನ ದೊಡ್ಡ ತಪ್ಪು ಗುಳಿಗೆ ತಗೊಂಡಿದ್ದಲ್ಲ. ತಾಯಿ ಕಾರ್ಡ್ ಮಾಡಿಸಲು ಹೋದ ದಿನ ಡಾಕ್ಟರಮ್ಮ ಕೇಳಿದರು, "ಬ್ಯಾರೆ ಗುಳಿಗಿ ಏನರ ತಗೋತಿಯೇನವಾ?" ನಾನು "ಇಲ್ರೀ" ಅಂದೆ. ಅದೇ ತಪ್ಪು. ಪಕ್ಕದಲ್ಲಿ ಅತ್ತೆ ಕೂತಿದ್ದರು, ಹಿಂದೆ ಸಾಲಿನಲ್ಲಿ ಹತ್ತು ಹೆಂಗಸರು. ಅತ್ತೆ ಇರದಿದ್ದರೆ ಹೇಳುತ್ತಿದ್ದೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಅದೂ ಸುಳ್ಳು. ಮುಂದಿನ ತಿಂಗಳು ಒಬ್ಬಳೇ ಹೋಗಿದ್ದೆ, ಆಗಲೂ ಹೇಳಲಿಲ್ಲ. ಕಾರ್ಡ್‌ನಲ್ಲಿ ಆಗಲೇ 'ಇಲ್ಲ' ಅಂತ ಬರೆದಾಗಿತ್ತು. ಈಗ ಹೌದು ಅಂದರೆ ಸುಳ್ಳಿ ಅಂದಾರು, ಪೊಲೀಸರನ್ನು ಕರೆದಾರು, ಕೂಸನ್ನು ಕಸಿದುಕೊಂಡಾರು ಅಂತ ಹೆದರಿಕೆ. ಪ್ರತಿ ತಿಂಗಳೂ ಮುಂದಿನ ಸಲ ಹೇಳಿದರಾಯಿತು ಅಂತ ಮನೆಗೆ ಬರುತ್ತಿದ್ದೆ.

ಏಳನೇ ತಿಂಗಳು ಕುಬಸ ಆಯಿತು. ಮಾರನೇ ದಿನ ದೇವರ ಮುಂದೆ ಆಣೆ ಮಾಡಿ ಒಮ್ಮೆಲೇ ಬಿಟ್ಟೆ. ಎರಡನೇ ರಾತ್ರಿ ಹೊಟ್ಟೆ ಕಲ್ಲಿನ ಹಾಗೆ ಬಿಗಿಯತೊಡಗಿತು. ಹೆದರಿ ಮತ್ತೆ ನುಂಗಿದೆ. ಬಸುರಿ ಈ ಜಾತಿಯ ಔಷಧಿಯನ್ನು ಏಕಾಏಕಿ ನಿಲ್ಲಿಸಿದರೆ ದಿನ ತುಂಬುವ ಮೊದಲೇ ನೋವು ಬರಬಹುದು, ಕೂಸಿನ ಜೀವಕ್ಕೂ ಅಪಾಯ ಅಂತ ಆಮೇಲೆ ತಿಳಿಯಿತು. ಅದಕ್ಕೇ ನಿನ್ನ 'ಇವತ್ತೇ' ಅನ್ನೋದು ಬೇಡವೇ ಬೇಡ.

ಮಗಳು ಎರಡೂಕಾಲು ಕಿಲೋ ಇದ್ದಳು. ಮೊದಲ ದಿನ ಚೆನ್ನಾಗೇ ಇದ್ದಳು. ಎರಡನೇ ಸಂಜೆ ಅಳು ಶುರುವಾಯಿತು. ಅದು ಹಸಿದ ಕೂಸಿನ ಅಳುವಲ್ಲ, ಕಿವಿ ಸೀಳುವ ಕಿರುಚಾಟ. ಕೈಕಾಲು ನಡುಗುತ್ತಿದ್ದವು. ಸೀನಿನ ಮೇಲೆ ಸೀನು. ಮೊಲೆ ಬಾಯಿಗಿಟ್ಟರೆ ಗಬಗಬ ಚೀಪುವುದು, ಬಿಡುವುದು, ಕಕ್ಕುವುದು. ಭೇದಿಯಾಗಿ ಕುಂಡಿ ಸುಲಿದು ಕೆಂಪಾಗಿತ್ತು. ಅವ್ವ ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ಇಳಿಸಿದಳು. ಡಾಕ್ಟರು ಸಕ್ಕರೆ ಕಡಿಮೆಯಾಗಿದೆಯೇ ನೋಡಿದರು, ನಂಜು ಇರಬಹುದು ಅಂತ ಆ್ಯಂಟಿಬಯೋಟಿಕ್ ಹಾಕಿದರು. ಮೆದುಳು ಜ್ವರವೇ ಅಂತ ತಿಳಿಯಲು ಆ ಎಳೆ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಆ ನಡುಕ, ಆ ಭೇದಿ ಏನು ಅಂತ ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗುಳಿಗೆ ನನ್ನ ಚೀಲದಲ್ಲೇ ಇತ್ತು. ಆದರೂ ಎರಡು ದಿನ ಬಾಯಿ ಬಿಡಲಿಲ್ಲ. ಹೇಳಿದ್ದರೆ ಆ ಸೂಜಿ ತಪ್ಪುತ್ತಿತ್ತೇನೋ. ಮಗಳಿಗೀಗ ಐದು ವರ್ಷ. ಎರೆಯುವಾಗ ಇವತ್ತಿಗೂ ಆ ಬೆನ್ನು ನೋಡುತ್ತೇನೆ.

ಬಾಗಲಕೋಟೆಗೆ ಕರೆದೊಯ್ದ ಮೇಲೆ ರಾತ್ರಿ ಪಾಳಿಯ ಸಿಸ್ಟರ್‌ಗೆ ಅಳುತ್ತಾ ಹೇಳಿದೆ. ಬೈಯಲಿಲ್ಲ ಆಕೆ. "ಕಡೇ ಗುಳಿಗಿ ಯಾವಾಗ ತಗೊಂಡಿದ್ದಿ?" ಅಂತ ಅಷ್ಟೇ ಕೇಳಿದರು. ಹತ್ತು ನಿಮಿಷದಲ್ಲಿ ಡಾಕ್ಟರು ಬಂದರು. ನಾನು ನುಂಗಿದ್ದು ಕರುಳುಬಳ್ಳಿಯಿಂದ ಕೂಸಿಗೂ ಹೋಗುತ್ತಿತ್ತು. ಬಳ್ಳಿ ಕತ್ತರಿಸಿದ ಕೂಡಲೇ ನಿಂತಿತು. ಒಂದರಿಂದ ಮೂರು ದಿನದೊಳಗೆ ಕೂಸಿನ ಮೈ ಅದಕ್ಕಾಗಿ ಒದ್ದಾಡತೊಡಗುತ್ತದೆ. ದೀಪ ಸಣ್ಣ ಮಾಡಿಸಿದರು, ಗದ್ದಲ ನಿಲ್ಲಿಸಿದರು, ಬಿಗಿಯಾಗಿ ಸುತ್ತಿ ನನ್ನ ಎದೆಗೆ ಕೊಟ್ಟರು. ಅದೇ ಅಫೀಮಿನ ಜಾತಿಯ ಮಾರ್ಫಿನ್ ಹನಿ ಅಳೆದು ಕೊಟ್ಟು ದಿನಾ ಸ್ವಲ್ಪ ಸ್ವಲ್ಪ ಇಳಿಸಿದರು. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಬೇಕಿದ್ದ ಕೂಸು ಹತ್ತೊಂಬತ್ತನೇ ದಿನ ಮನೆಗೆ ಬಂತು. ಆಸ್ಪತ್ರೆ ಖರ್ಚಿಗೆ ನನ್ನ ಪಾಟಲಿ ಹೋದವು, ಹೋಗಲಿ. ಕೂಸಿಗೆ ಚಟ ಹತ್ತಿದೆ ಅಂತ ಮನೆಯಲ್ಲಿ ಒಬ್ಬರು ಅಂದರು. ಆ ಮಾತು ಯಾರಾಡಿದರೂ ಸಹಿಸಬೇಡ. ಚಟ ಮಾಡಲು ಕೂಸಿಗೇನು ಗೊತ್ತು?

ನನಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಆಯಿತು. ಗುಳಿಗೆಯ ಬದಲು ಬ್ಯುಪ್ರೆನಾರ್ಫಿನ್ ಕೊಟ್ಟರು, ಅದು ಒದ್ದಾಟ ತಡೆಯುವ ಔಷಧಿ. ಇದನ್ನು ಬಸುರಿಯರಿಗೂ ಕೊಡುತ್ತಾರೆ. ಡಾಕ್ಟರ ನಿಗಾದಲ್ಲಿ ಅದನ್ನು ತಗೊಳ್ಳುತ್ತಿದ್ದರೆ ಹಾಲೂ ಕುಡಿಸಬಹುದು, ನಾನು ಕುಡಿಸಿದೆ. ಹಾಗೆ ತಗೊಂಡರೂ ಹುಟ್ಟಿದ ಮೇಲೆ ಕೂಸು ಸ್ವಲ್ಪ ಒದ್ದಾಡಬಹುದು. ಆದರೆ ಏನು ಕಾದಿದೆ ಅಂತ ಡಾಕ್ಟರಿಗೆ ಮೊದಲೇ ಗೊತ್ತಿರುತ್ತದೆ, ಅಲ್ವಾ? ರೋಗಿಯ ಗುಟ್ಟು ಕಾಯಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಮುಖ ತೋರಿಸಲು ಹೆದರಿಕೆಯಾದರೆ ಮೊದಲು 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಡಾಕ್ಟರ ಹತ್ತಿರ ಅತ್ತೆ ಜೊತೆಗೆ ಬಂದರೂ ಬರಲಿ. ಒಂದು ಚೀಟಿಯಲ್ಲಿ ಗುಳಿಗೆಯ ಹೆಸರು, ದಿನಕ್ಕೆ ಎಷ್ಟು, ಎಷ್ಟು ತಿಂಗಳಿಂದ ಅಂತ ಬರೆ. ಮಡಚಿ ತಾಯಿ ಕಾರ್ಡ್ ಒಳಗಿಟ್ಟು ಡಾಕ್ಟರ ಕೈಗೆ ಕೊಡು. ಬಾಯಿಂದ ಹೇಳಲೇಬೇಕು ಅಂತೇನಿಲ್ಲ.